ಗಾಳಿಗೆ ಮುಖ ಮಾಡಿದ ಮರದ ಬಾತುಗಳು

ಭಾನುವಾರ ಬೆಳಿಗ್ಗೆ,
ಕಾಲಿನ ಕೆಸರು ಇನ್ನೂ ಒಣಗಿಲ್ಲ

ತಮ್ಮನ ಮನೆಯಲ್ಲಿ ಮುನಿಸಿಕೊಂಡು ಕೂತಿರುವ ನಮ್ಮ ಬಡಗಿ ಮಹಾಶಯರಿಗೆ,

ಬಂದವು ಕಣ್ರೀ! ಹಿತ್ತಲಾಚೆಯ ಜೌಗಿಗೆ ಹೆಬ್ಬಾತುಗಳು ಬಂದೇಬಿಟ್ಟವು! ಓಡಿ ಬಂದವಳೇ ಬರೆಯಲು ಕೂತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ನಗಬೇಡಿ.

ಸಮುದ್ರದ ಕಡೆ ಕಾಲುವೆ ತೋಡುವ ಯಂತ್ರಗಳ ಗದ್ದಲಕ್ಕೆ ಹೆದರಿ ಹೋದವು, ಯಂತ್ರಗಳು ಹೋದ ಮೇಲೂ ಇತ್ತ ತಲೆ ಹಾಕಿರಲಿಲ್ಲವಲ್ಲ. ಮರದ ಬಾತು ಕೆತ್ತಿ ನೀರಂಚಿಗೆ ನಿಲ್ಲಿಸಿದರೆ, ತಮ್ಮವರೇ ಎಂದು ನಂಬಿ ಇಳಿಯುತ್ತವೆ ಎಂದಿರಿ. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಹೆಬ್ಬಾತು ಇಳಿದ ದಿನವೇ ಈ ಮನೆಗೆ ಬರುತ್ತೇನೆ ಎಂದು ನೀವು ಚೀಲ ಹೆಗಲಿಗೇರಿಸಿ ಹೊರಟಿರಿ. ಎಂಥ ಹಠವಪ್ಪ ನಿಮ್ಮದು!

ಶೆಡ್ಡಿನಲ್ಲಿ ಜಾಗವಿರಲಿಲ್ಲ, ಅದಕ್ಕೆ ಮೊನ್ನೆ ನೀವು ಕೆತ್ತಿಟ್ಟು ಹೋದ ಬಾತುಗಳನ್ನು ಹೊರಗೆ ಜೌಗಿನಂಚಿಗೆ ಇಟ್ಟೆ. ಬೇರೇನೂ ಅಲ್ಲ. ಅಡುಗೆಮನೆಯ ಕಿಟಕಿಯಿಂದ ಚಂದ ಕಾಣಲಿ ಎಂದು ಎಲ್ಲದರ ಮುಖವನ್ನೂ ಮನೆಯತ್ತ ತಿರುಗಿಸಿದ್ದೆ.

ಇವತ್ತು ಬೆಳಕು ಹರಿಯುವಾಗ ಆಕಾಶದ ತುಂಬ ಅವುಗಳ ಕೂಗು! ಹಿಂಡು ತಗ್ಗಿಗೆ ಬಂತು, ಸುತ್ತು ಹಾಕಿತು, ಮತ್ತೆ ಮೇಲೇರಿತು. ಅಷ್ಟರಲ್ಲಿ ಅತ್ತೆ ಕಿಟಕಿಯಿಂದ, "ಗಾಳಿಗೆ ಬೆನ್ನು ಹಾಕಿ ಯಾವ ಹಕ್ಕಿ ಕೂರತ್ತೇ? ತಿರುಗಿಸೇ ಅವನ್ನ!" ಎಂದು ಕೂಗಿದರು. ನಿಮ್ಮ ತಾಯಿ ನೋಡಿ, ಹೇಳಿದ್ದು ಸರಿಯಾಗಿಯೇ ಇತ್ತು.

ಬಿದ್ದೆನೋ ಎದ್ದೆನೋ ಎಂದು ಓಡಿದೆ. ಒಂದು ಚಪ್ಪಲಿ ಕೆಸರಿನ ಪಾಲಾಯಿತು. ಬಾತುಗಳನ್ನು ಗಾಳಿಯತ್ತ ತಿರುಗಿಸಿ, ದಿಬ್ಬದ ಹಿಂದೆ ಬೋರಲು ಬಿದ್ದು ಕಣ್ಣು ಮುಚ್ಚಿಕೊಂಡೆ. ಮತ್ತೆ ಕೂಗು, ರೆಕ್ಕೆ ಬಡಿತ, ನೀರು ಚಿಮ್ಮಿದ ಸದ್ದು. ಕಣ್ಣು ಬಿಟ್ಟರೆ ಜೌಗಿನ ತುಂಬ ಅವೇ! ಒಂದು ಮರಿಯಂತೂ ನಿಮ್ಮ ಮರದ ಬಾತಿನ ಕುತ್ತಿಗೆಯನ್ನು ಕುಕ್ಕಿ ಕುಕ್ಕಿ ಮಾತಾಡಿಸುತ್ತಿತ್ತು. ನಾನು ಅಲ್ಲೇ ಕೂತು ಅತ್ತುಬಿಟ್ಟೆ, ಸಂತೋಷಕ್ಕೆ.

ನಿಮ್ಮ ಹುಚ್ಚೇ ಗೆದ್ದಿತು, ಒಪ್ಪಿಕೊಂಡೆ. ಕೊಟ್ಟ ಮಾತು ನೆನಪಿದೆ ತಾನೇ?

ಇಂತಿ,
ಒಂಟಿ ಚಪ್ಪಲಿಯ
ನಿಮ್ಮವಳು

ತಾ.ಕ.: ಕೊಕ್ಕು ಸೀಳಿದ ಒಂದು ಬಾತನ್ನು ಮಾತ್ರ ನಾನು ತಿರುಗಿಸಲಿಲ್ಲ. ಅದು ಇನ್ನೂ ಮನೆಯ ಹಾದಿಯನ್ನೇ ನೋಡುತ್ತಾ ನಿಂತಿದೆ. ಇನ್ನೊಂದು ವಿಷಯ, ಅತ್ತೆಗೆ ಹೇಳಬೇಡಿ. ಇವತ್ತು ಹೆಬ್ಬಾತುಗಳು ಇಳಿಯದೇ ಹೋಗಿದ್ದರೂ, ಇಳಿದವು ಎಂದೇ ನಿಮಗೆ ಬರೆಯುವವಳಿದ್ದೆ.