ನೀನೇ ಚೀಲ ಬದಲಿಸುವ ಮೊದಲ ಬೆಳಗು

ಕ್ಲಾರಿ,

ಬೆಂಡಿಗೋ ಊರಿನಲ್ಲಿ ನಿನ್ನಂಥ ಆಪರೇಷನ್ ಆದವರಿಗೆ ಚೀಲ ಕಳಿಸುವ ಸಂಘವಿದೆಯಲ್ಲ, ಅಲ್ಲಿ ಪೆಟ್ಟಿಗೆ ಕಟ್ಟುವ ಸರದಿ ಇವತ್ತು ನನ್ನದು. ಹನ್ನೊಂದಕ್ಕೆ ಮನೆಗೆ ಬರುತ್ತೇನೆ. ನಿನ್ನ ಹೊಟ್ಟೆಗೆ ಅಂಟಿಸಿರುವ ಮಲದ ಚೀಲವನ್ನು ಇವತ್ತು ನೀನೇ ಬದಲಿಸಬೇಕು. ಟೀ, ಟೋಸ್ಟು ಆಮೇಲೆ. ಬರಿಹೊಟ್ಟೆಯಲ್ಲಿ ಕರುಳು ಸುಮ್ಮನಿರುತ್ತದೆ. ಚೀಲವನ್ನು ಚರ್ಮಕ್ಕೆ ಹಿಡಿಸುವ ಅಂಟುಬಿಲ್ಲೆಗೆ ತೂತು ಕತ್ತರಿಸಿಟ್ಟಿದ್ದೇನೆ, ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡು ಅಂಟಿಸು. ಸೋರಿದರೆ ಮೊನ್ನೆಯ ಹಾಗೆ ಹಾಸಿಗೆಬಟ್ಟೆಯನ್ನು ಶೆಡ್ಡಿನಲ್ಲಿ ಬಚ್ಚಿಡಬೇಡ ಮಾರಾಯ.

ನಿನ್ನೆ ನಾನು ನಿನ್ನ ಹೊಟ್ಟೆಯ ಮೇಲೆ ಹೊರತಂದಿರುವ ಕರುಳಿನ ತುದಿ ಒರೆಸುವಾಗ ನೀನು ಗೋಡೆಗೆ ಮುಖ ತಿರುಗಿಸಿ, "ನೋಡಬೇಡ ನೋಲಾ, ಅಸಹ್ಯ" ಅಂದೆ. ನಾನು ನೋಡಿದೆ. ಕೆಂಪಗೆ, ಯಾರ ಅಪ್ಪಣೆಗೂ ಕಾಯದೆ, ಮೆಲ್ಲಗೆ ಅರಳಿ ಮುದುಡುತ್ತಿತ್ತು. ಐವತ್ತೆರಡು ವರ್ಷ ನಾನು ಬೇಯಿಸಿ ಹಾಕಿದ್ದನ್ನೆಲ್ಲ ನಿನ್ನ ಜೀವವಾಗಿಸಿದ್ದು ಅದೇ ಕರುಳು. ನನ್ನ ಕೈ ಅಲ್ಲೇ ನಿಂತುಬಿಟ್ಟಿತು, ಅಸಹ್ಯದಿಂದಲ್ಲ.

ಇವತ್ತು ಹೊಸ ಚೀಲ ಅಂಟಿಸುವ ಮೊದಲು ಒಂದು ನಿಮಿಷ ನೀನೂ ನೋಡು.

ನೋಲಾ