ಅತ್ತೆ ಮುಟ್ಟಿದ ಚರ್ಮದ ಸೀಟು

ಅತ್ತೆ,

ಸೈಕಲ್ಲಿಗೆ ಬೆಲ್ಲು ಹುಡುಕಲು ಕಂಪ್ಲಿಗೆ ಹೊರಟೆ. ಪಡಸಾಲೆಯ ಬೋಗುಣಿಯಲ್ಲಿ ಚೈನನ್ನು ಸೀಮೆಎಣ್ಣೆಗೆ ನೆನೆಹಾಕಿದ್ದೇನೆ, ಚೆಲ್ಲಬೇಡಿ.

ಸಂಡೂರಿನ ಅಜ್ಜನ ಕೊಟ್ಟಿಗೆಯಿಂದ ತಂದ ಈ ಸೈಕಲ್ಲಿನ ಬಣ್ಣ ಕೆರೆದರೆ ಒಂದು ವಿಚಿತ್ರ ಕಂಡಿತು. ಸೀಟಿನ ಮುಂದಿನ ಅಡ್ಡಪೈಪನ್ನು ಆಮೇಲೆ ಯಾರೋ ಬೆಸೆದಿದ್ದಾರೆ. ಮೊದಲು ಇದು ಹೆಂಗಸರ ಸೈಕಲ್ಲು! ಆ ಕಾಲದಲ್ಲಿ ನಿಮ್ಮ ತವರಿನಲ್ಲಿ, ಅಜ್ಜನ ಮನೆಯಲ್ಲಿ, ಇದನ್ನು ಹೊಡೆದವರು ಯಾರು? ಅಪ್ಪನನ್ನು ಕೇಳಿದರೆ ಸಿಡುಕುತ್ತಾರೆ.

ನೀವೋ, ನಿನ್ನೆ ಮಡಿಯಲ್ಲಿದ್ದುದನ್ನೂ ಮರೆತು ಚರ್ಮದ ಸೀಟು ಸವರಿ, "ಇಷ್ಟು ಎತ್ರ ಇರ್ಲಿಲ್ಲಪಾ ಇದು" ಅಂದಿರಿ. ಆಮೇಲೆ ಮತ್ತೆ ಸ್ನಾನಕ್ಕೆ ಹೋದಿರಿ.

ಸಂಜೆ ನನಗೆ ಎಲ್ಲಾ ಹೇಳಲೇಬೇಕು. ಅಡ್ಡಪೈಪು ಕೊಯ್ದು ತೆಗೆದಿದ್ದೇನೆ, ಸೀಟನ್ನೂ ತಗ್ಗಿಸಿದ್ದೇನೆ. ಅಪ್ಪ ಕಚೇರಿಗೆ ಹೋದ ಮೇಲೆ ಹತ್ತಿ ನೋಡಿ, ಕಾಲು ನೆಲಕ್ಕೆ ಸಿಗುತ್ತದೋ ಇಲ್ಲವೋ.

ಪ್ರಭಂಜನ