ಗದ್ದದ ಮೇಲಿನ ಮೂರು ಚುಕ್ಕೆಗೆ ನೌಕರಿ ಇಲ್ಲವೇ?

ಬಾಲವಾಡಿ ಶಿಕ್ಷಕಿಯರನ್ನು ಆರಿಸುವ ಅಧಿಕಾರಿಗಳಿಗೆ,

ಮಾನ್ಯರೇ,

ನನ್ನ ತಂಗಿ ದುಬಲಗುಂಡಿಯ ಬಾಲವಾಡಿಯಲ್ಲಿ ಟೀಚರಬಾಯಿ ಆಗಿದ್ದಾಳೆ. ನಾನು ಅವಳ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಯಲ್ಲಿದ್ದೇನೆ. ನನಗೆ ಹೊಟ್ಟೆ ಉರಿಯುತ್ತಿದೆ. ಈ ಉರಿ ಹಚ್ಚಿದವರು ನೀವಾದ್ದರಿಂದ ಪತ್ರವೂ ನಿಮಗೇ. ಪತ್ರಿಕೆಯಲ್ಲೇಕೆ ಬರೆಯುತ್ತೀ ಎಂದು ಕೇಳಬಹುದು. ಸಂದರ್ಶನದ ನಂತರ ಹುಮನಾಬಾದಿನ ನಿಮ್ಮ ಕಚೇರಿಗೆ ನಾನು ಕಳಿಸಿದ ತಕರಾರು ಅರ್ಜಿಗೆ ಈವರೆಗೆ ಉತ್ತರವಿಲ್ಲ. ಪತ್ರಿಕೆಯನ್ನಾದರೂ ನೀವು ಚಹಾ ಕುಡಿಯುತ್ತ ಓದುತ್ತೀರಿ ಎಂದು ಕೇಳಿದ್ದೇನೆ.

ನಾನು ಯಶೋದಾಬಾಯಿ. ತಂಗಿ ಮೀರಾಬಾಯಿ. ತವರು ಮನ್ನಾಏಖೇಳ್ಳಿ. ಒಂದೇ ಮನೆಯ ಅಣ್ಣತಮ್ಮಂದಿರಿಗೆ ನಮ್ಮಿಬ್ಬರನ್ನೂ ಕೊಟ್ಟಿದ್ದಾರೆ, ಹಾಗಾಗಿ ಅಕ್ಕತಂಗಿಯರೂ ಹೌದು, ನೆಗೆಣ್ಣಿಯರೂ ಹೌದು. ಏಳನೆಯ ತರಗತಿ ಇಬ್ಬರೂ ಪಾಸು. ಲೆಕ್ಕದ ಪರೀಕ್ಷೆಯಲ್ಲಿ ಅವಳು ನನ್ನ ಪಾಟಿಯ ಕಡೆ ಕತ್ತು ಉದ್ದ ಮಾಡಿದ್ದು ನಮ್ಮ ಮಾಸ್ತರರಿಗೂ ಗೊತ್ತು. ಸಂದರ್ಶನಕ್ಕೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಅವಳು ಒಳಗೆ ಹೋಗಿ ನಗುತ್ತ ಹೊರಗೆ ಬಂದಳು. ಆಮೇಲೆ ನಾನು ಹೋದೆ. ನೀವು ನನ್ನ ಸರ್ಟಿಫಿಕೇಟು ಬಿಚ್ಚಲೂ ಇಲ್ಲ.

"ಏನಮ್ಮಾ ಇದು ಮುಖದ ಮೇಲೆಲ್ಲಾ? ಮಕ್ಕಳು ಹೆದರ್ಕೊಳ್ಳಲ್ವಾ?" ಎಂದಿರಿ.

"ಹಚ್ಚಿ ಅದಾವರಿ. ನಮ್ಮೂರಾಗ ಕೂಸು ಕಣ್ಣ ತೆರೆದು ಮೊದಲ ನೋಡೋದ ಇಂಥಾ ಮುಖಾರಿ. ಅವರವ್ವಂದು, ಅವರಜ್ಜಿದು," ಎಂದೆ ನಾನು.

"ಕಾಲ ಬದಲಾಗಿದೆ. ಸರ್ಕಾರಿ ಕೆಲಸಕ್ಕೆ ಸ್ವಲ್ಪ ಲಕ್ಷಣವಾಗಿರಬೇಕು," ಎಂದು ನೀವು ಮುಂದಿನವರನ್ನು ಕರೆದಿರಿ.

ಹೊರಗೆ ಬಂದು ಬಸ್ಸಿನ ಕಿಟಕಿಯ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡೆ. ಹಣೆಯ ಮೇಲೆ ಒಂದು ಹಸಿರು ಗೆರೆ, ಕೆನ್ನೆಯ ಮೇಲೆ ಒಂದು ಬೊಟ್ಟು, ಗದ್ದದ ಮೇಲೆ ಮೂರು ಚುಕ್ಕೆ. ಕೈತುಂಬ ತೊಟ್ಟಿಲು, ಚೇಳು, ತುಳಸಿಕಟ್ಟೆ. ಇವುಗಳನ್ನು ನಾನು ಪೇಟೆಯಲ್ಲಿ ಕೊಂಡು ತಂದವಳಲ್ಲ. ನಾವಿಬ್ಬರೂ ಸಣ್ಣವರಿದ್ದಾಗ ಒಂದು ಮಧ್ಯಾಹ್ನ ಅವ್ವ ಹಚ್ಚೆ ಹಾಕುವ ಮುದುಕಿಯನ್ನು ಕರೆಸಿದಳು. ದೀಪದ ಕಾಡಿಗೆ, ಸೊಪ್ಪಿನ ರಸ, ದಾರದಲ್ಲಿ ಬಿಗಿದು ಕಟ್ಟಿದ ಸೂಜಿಗಳು. ಆಕೆ ಹಾಡುತ್ತ ಚುಚ್ಚುತ್ತಿದ್ದಳು, ಅವ್ವ ನನ್ನ ತಲೆ ಹಿಡಿದುಕೊಂಡಿದ್ದಳು.

"ಹಲ್ಲ ಕಚ್ಚಿ ಹಿಡಿ ನನ್ನವ್ವ. ನಾಳೆ ಅತ್ತಿ ಮನ್ಯಾಗ ನಿನ್ನ ನೋಡಿ ಹೌದೌದು ಅನಬೇಕು," ಅಂದಳು ಅವ್ವ.

ಕಚ್ಚಿ ಹಿಡಿದೆ. ಕಣ್ಣೀರು ಬಂತು, ಬಾಯಿಂದ ಸದ್ದು ಬರಲಿಲ್ಲ. ಓಣಿಯ ಹೆಂಗಸರೆಲ್ಲ ಶಹಬ್ಬಾಸ್ ಅಂದರು. ನನ್ನ ನಂತರ ಮೀರಾ ಕೂತಳು. ಗದ್ದಕ್ಕೆ ಸೂಜಿ ತಾಗಿ ಒಂದು ಚುಕ್ಕೆ ಆಗಿದ್ದೇ ತಡ, ಮುದುಕಿಯ ಕೈ ಕಚ್ಚಿ ಓಡಿದವಳು ಕಣಕಿಯ ಬಣವೆಯ ಹಿಂದೆ ಅಡಗಿ ಕೂತಳು. ಮುದುಕಿ ತನ್ನ ಜೋಳಿಗೆ ಕಟ್ಟಿಕೊಂಡು ಹೋಗುವವರೆಗೂ ಹೊರಗೆ ಬರಲಿಲ್ಲ.

ಮಾನ್ಯರೇ, ಆ ಒಂದು ಚುಕ್ಕೆಯನ್ನು ನೀವು ಸಂದರ್ಶನದಲ್ಲಿ ನೋಡಿದ್ದೀರಿ, ಹುಟ್ಟು ಮಚ್ಚೆ ಅಂದುಕೊಂಡಿರಬೇಕು. ಒಂದು ಚುಕ್ಕೆಯಿದ್ದರೆ ಲಕ್ಷಣ, ಮೂರಾದರೆ ಮಕ್ಕಳು ಹೆದರುತ್ತವೆ. ಹಾಗಾದರೆ ಎರಡಿದ್ದವರ ಗತಿ ಏನು? ದಯವಿಟ್ಟು ಒಂದು ಸುತ್ತೋಲೆ ಹೊರಡಿಸಿ. ಹೇಗೂ ನೀವು ಸಹಿ ಹಾಕುವುದು ಹಸಿರು ಶಾಯಿಯಲ್ಲಿ. ಕಾಗದದ ಮೇಲೆ ಹಸಿರು ಕಂಡರೆ ಇಡೀ ತಾಲೂಕು ಎದ್ದು ನಿಲ್ಲುತ್ತದೆ. ಅದೇ ಹಸಿರು ಹೆಣ್ಣಿನ ಗದ್ದದ ಮೇಲೆ ಕಂಡರೆ ನಿಮಗೆ ಕಾಡು ನೆನಪಾಗುತ್ತದೆಯೇ? ನಿಮ್ಮ ಕಿವಿಯ ಹಾಲೆಯಲ್ಲೂ ಚುಚ್ಚಿದ ತೂತಿನ ಗುರುತು ನೋಡಿದೆ. ಅಂದು ನಿಮ್ಮನ್ನೂ ಯಾರೋ ತೊಡೆಯ ಮೇಲೆ ಹಿಡಿದು ಕೂತಿರಬೇಕು. ನಿಮ್ಮನ್ನು ಕೇಳಿ ಚುಚ್ಚಿದರೇ? ಸರಕಾರವಂತೂ ಸಿಡುಬು ಬರದಂತೆ ನಮ್ಮೆಲ್ಲರ ರಟ್ಟೆಗೆ ದೇವಿ ಚುಚ್ಚಿ ರೊಕ್ಕದಷ್ಟು ಅಗಲ ಗುರುತು ಮಾಡಿತು. ಆ ಗುರುತು ತೋರಿಸಿದರೆ ಜಾಣರು ಎನ್ನುತ್ತೀರಿ. ನನ್ನ ಅವ್ವ ಮಾಡಿಸಿದ್ದಕ್ಕೆ ಮಾತ್ರ ಕಾಲ ಬದಲಾಗಿಬಿಟ್ಟಿತು.

ನಮ್ಮ ಬಳೆ ಮಾರುವ ಬೀಬಿಜಾನಳಿಗೆ ಈ ಸುದ್ದಿ ಹೇಳಿದೆ. ಆಕೆ ತಲೆಯ ಮೇಲಿನ ಸೆರಗು ಸರಿಸಿ ಕಿವಿ ತೋರಿಸಿದಳು. ಕಿವಿಯ ಅಂಚಿನುದ್ದಕ್ಕೂ ತೂತು, ತೂತಿಗೊಂದು ಬಾಲಿ. "ನಮ್ಮಾಗ ಹಚ್ಚಿ ಹಾಕ್ಸೋದು ಇಲ್ಲವ್ವ, ಗುನ್ಹಾ, ಪಾಪ ಅಂತಾರ. ಆದರ ಈ ಕಿವಿ ನೋಡು. ನಿಮ್ಮ ಸಾಹೇಬ ನೋಡಿದ್ರ ನನಗ ಜರಡಿ ಅಂತಾನೇನು? ಹಿಟ್ಟು ಸೋಸಾಕ ಇಟ್ಕೋತಾನೇನು?" ಅಂದಳು. ಇಬ್ಬರೂ ನಕ್ಕೆವು. ನಗು ಮುಗಿದ ಮೇಲೆ ಉರಿ ಹಾಗೆಯೇ ಇತ್ತು.

ಏಕೆಂದರೆ, ಮಾನ್ಯರೇ, ಹೊಟ್ಟೆಕಿಚ್ಚು ಪಡುವುದು ನನಗೆ ರೂಢಿಯಿಲ್ಲ. ನಮ್ಮ ಮನೆಯಲ್ಲಿ ಆ ಕೆಲಸ ಮೀರಾಳದಾಗಿತ್ತು. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಅತ್ತೆ ಅವಳ ಕೈಯಿಂದ ನೀರಿನ ತಂಬಿಗೆ ತೆಗೆದುಕೊಳ್ಳುತ್ತಿರಲಿಲ್ಲ. "ಹಚ್ಚಿ ಇಲ್ಲದ ಬೋಳಗೈಲಿ ಕೊಟ್ಟ ನೀರು ನನಗ ಗಂಟಲಾಗ ಇಳ್ಯಂಗಿಲ್ಲ. ಯಶೋದಾ, ನೀ ಕೊಡವ್ವ," ಅನ್ನುತ್ತಿದ್ದಳು. ಮೀರಾ ಒಲೆಯ ಮುಂದೆ ಕೂತು ನನ್ನ ಕೈಯನ್ನೇ ನೋಡುತ್ತಿದ್ದಳು. "ಅಕ್ಕಾ, ನಿನ್ನ ಕೈ ಇಳಕಲ್ ಸೀರಿ ಅಂಚಿನಂಗ ಕಾಣ್ತದ," ಅನ್ನುತ್ತಿದ್ದಳು. ಆ ಮಾತು ಮತ್ತೊಮ್ಮೆ ಕೇಳಲೆಂದು ನಾನು ಕುಪ್ಪಸದ ತೋಳು ಇನ್ನಷ್ಟು ಮೇಲೇರಿಸುತ್ತಿದ್ದೆ. ಈಗ ಅದೇ ಅತ್ತೆ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ಕೇಳುವಂತೆ ಹೇಳುತ್ತಾಳೆ: "ಸಣ್ಣ ಸೊಸಿ ಮುಖ ನೋಡ್ರಿ, ತಿಕ್ಕಿದ ತಾಟು ಹೊಳದಂಗ ಹೊಳೀತದ. ಏ ಯಶೋದಾ, ಟೀಚರಬಾಯಿ ದಣದು ಬಂದಾಳ, ನೀರ ಕೊಡು." ಕೊಡುತ್ತೇನೆ. ತಂಬಿಗೆ ಸ್ವಲ್ಪ ಜೋರಾಗಿಯೇ ಇಡುತ್ತೇನೆ.

ಇಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಕಳೆದ ರಾಜ್ಯೋತ್ಸವಕ್ಕೆ ನಿಮ್ಮ ಕಚೇರಿಯಿಂದ ಒಂದು ಆದೇಶ ಬಂತು. ಕಲ್ಯಾಣ ಪಟ್ಟಣದ ಮೈದಾನದಲ್ಲಿ ಹಳ್ಳಿಯ ಬದುಕಿನ ಮೆರವಣಿಗೆ. ಬಾಲವಾಡಿ ಶಿಕ್ಷಕಿಯರೆಲ್ಲ ಹಳೆಯ ಕಾಲದ ಹೆಂಗಸರಂತೆ ಇಳಕಲ್ ಸೀರೆ ಉಟ್ಟು, ಹಚ್ಚೆ ಬರೆದುಕೊಂಡು ಬರತಕ್ಕದ್ದು. ಅಂದು ಬೆಳಗ್ಗೆ ಮೀರಾ ಹಸಿರು ಶಾಯಿ, ಕಸಬರಿಗೆಯ ಕಡ್ಡಿ, ಕನ್ನಡಿ ಹಿಡಿದು ನನ್ನ ಮುಂದೆ ಕೂತಳು.

"ಅಕ್ಕಾ, ಜರಾ ಬೆಳಕಿನ ಕಡಿ ತಿರುಗು. ಅಲಗಾಡಬ್ಯಾಡ."

"ಅವತ್ತ ಬಣವಿ ಹಿಂದ ಓಡಿದಾಕಿ, ಇವತ್ತ ಯಾಕ ಬಂದಿ?"

"ಕಡ್ಡಿ ಚುಚ್ಚಂಗಿಲ್ಲಲ್ಲ," ಅಂದು ನಕ್ಕಳು.

ನನ್ನ ಮುಖ ನೋಡಿ ನೋಡಿ ತನ್ನ ಮುಖದ ಮೇಲೆ ಬರೆದುಕೊಂಡಳು. ಗೆರೆ, ಬೊಟ್ಟು, ಚುಕ್ಕೆ, ಕೈಮೇಲಿನ ಚೇಳು ಕೂಡ ಬಿಡಲಿಲ್ಲ. ಅವಳ ಕೂಸನ್ನು ಎತ್ತಿಕೊಳ್ಳಲು ನಾನೂ ಕಲ್ಯಾಣಕ್ಕೆ ಹೋದೆ. ಮೆರವಣಿಗೆಯ ಸಾಲಿನ ಪಕ್ಕ ನಿಂತಿದ್ದಾಗ ನಿಮ್ಮ ಜವಾನ ಖಾಜಾ, "ಬಾಜೂ ಸರೀರಿ ಬಾಯಿ, ಇದು ಹಳ್ಳಿ ಹೆಂಗಸರ ಲೈನು," ಎಂದು ನನ್ನನ್ನು ಹಗ್ಗದ ಆಚೆ ನಿಲ್ಲಿಸಿದ. ನೀವು ಮೈಕಿನಲ್ಲಿ ಮಾತಾಡಿದಿರಿ. ಹಚ್ಚೆಯು ನಮ್ಮ ನೆಲದ ತಾಯಂದಿರ ಒಡವೆ, ಈ ಮುಖಗಳಲ್ಲಿ ನಮ್ಮ ಸಂಸ್ಕೃತಿ ಇದೆ ಎಂದಿರಿ. ನಿಮ್ಮ ದನಿ ನಡುಗಿತು ಕೂಡ. ಹಗ್ಗದ ಆಚೆ ಕೂಸು ಎತ್ತಿಕೊಂಡು ನಿಂತ ಮುಖದಲ್ಲಿ ಏನಿದೆ ಎಂದು ನೋಡಲು ನಿಮಗೆ ಪುರಸೊತ್ತು ಇರಲಿಲ್ಲ. ಅತ್ಯುತ್ತಮ ಅಲಂಕಾರದ ಬಹುಮಾನವೆಂದು ಸ್ಟೀಲಿನ ತಾಟನ್ನು ನೀವೇ ಕೈಯಾರೆ ಮೀರಾಬಾಯಿಗೆ ಕೊಟ್ಟಿರಿ. ನನ್ನ ಮುಖಕ್ಕೆ ಬಹುಮಾನ ಬಂತು, ನನಗೆ ಬರಲಿಲ್ಲ.

ಸಂಜೆ ಮೈದಾನದ ನಳದ ಬಳಿ ಶಿಕ್ಷಕಿಯರು ಮುಖ ತೊಳೆಯುತ್ತಿದ್ದರು. ಹಸಿರು ನೀರು ಹರಿದು ಕಾಲುವೆ ಸೇರುತ್ತಿತ್ತು. ಎಂಥ ಸುಖ ಅವರದು! ಬೆಳಗ್ಗೆ ಹಚ್ಚಿಕೊಂಡು ಶಹಬ್ಬಾಸ್ ಗಿಟ್ಟಿಸಿ, ಸಂಜೆ ತೊಳೆದುಕೊಂಡು ಸಂಬಳಕ್ಕೆ ಹೋಗುವ ಸುಖ. ನನ್ನ ಪಕ್ಕದಲ್ಲಿದ್ದ ಎಳೆಯ ಹುಡುಗಿಯೊಬ್ಬಳು, ಹುಮನಾಬಾದಿನ ಹೊಸ ಶಿಕ್ಷಕಿ, ತನ್ನ ಸಾಬೂನನ್ನು ನನ್ನ ಮುಂದೆ ಹಿಡಿದಳು.

"ತಗೋರಿ ಅಕ್ಕಾ, ಜೋರಲೆ ತಿಕ್ಕ್ರಿ. ನಂದು ಎರಡ ಸಲಕ್ಕ ಹೋತು."

ಮಾನ್ಯರೇ, ನಾನು ಆ ಸಾಬೂನು ತೆಗೆದುಕೊಂಡೆ. ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡೇ ಗದ್ದ ತಿಕ್ಕಿದೆ, ಕೆನ್ನೆ ತಿಕ್ಕಿದೆ. ಯಾಕೆ ತಿಕ್ಕಿದೆನೋ ನನಗೇ ತಿಳಿಯದು. ಮೀರಾ ಕೂಸನ್ನು ನನ್ನಿಂದ ಇಸಿದುಕೊಂಡು ಆಚೆ ತಿರುಗಿದಳು. ಹುಡುಗಿ ಬಗ್ಗಿ ನನ್ನ ಮುಖ ನೋಡಿದಳು.

"ಅಯ್ಯ, ಖರೇವೇನ್ರಿ ಇವು?"

"ಹೌದವ್ವ, ಖರೇವು."

"ಹಂಗಾರ ಬಹುಮಾನ ನಿಮಗ ಯಾಕ ಕೊಡ್ಲಿಲ್ರಿ?"

ಪಾಪ, ಅವಳು ಕುಹಕಕ್ಕೆ ಕೇಳಿದ್ದಲ್ಲ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ನಾನು ಸಾಬೂನು ತಿರುಗಿ ಕೊಟ್ಟು ಸೆರಗಿನಿಂದ ಮುಖ ಒರೆಸಿಕೊಂಡೆ.

ಈಗ ಕೇಳಿ. ನಮ್ಮೂರಿನ ಮೇಲಿನ ಓಣಿಗೆ ಇನ್ನೊಂದು ಬಾಲವಾಡಿ ಮಂಜೂರಾಗಿದೆ, ಬರುವ ತಿಂಗಳು ಸಂದರ್ಶನ. ಆ ಜಾಗ ನನಗೆ ಬೇಕು. ಕೇಳಲು ನಾಚಿಕೆ ಇಲ್ಲ. ತಂಗಿಯ ಜಾಗ ಕಿತ್ತುಕೊಡಿ ಎನ್ನುವುದಿಲ್ಲ, ಅವಳು ಮಕ್ಕಳನ್ನು ಚೆನ್ನಾಗಿಯೇ ನೋಡಿಕೊಳ್ಳುತ್ತಾಳೆ. ಅದು ಕೂಡ ನನಗೆ ಉರಿಯುತ್ತದೆ. ನನ್ನ ಸರ್ಟಿಫಿಕೇಟು ಬಿಚ್ಚಿ ನೋಡಿ. ಪದ್ಯ ಹೇಳಿಸಿ, ಲೆಕ್ಕ ಮಾಡಿಸಿ, ಅಳುವ ಕೂಸೊಂದನ್ನು ತಂದು ತೊಡೆಯ ಮೇಲೆ ಕೂಡಿಸಿ. ಆಮೇಲೆ ಬೇಡ ಎನ್ನಿ, ಸುಮ್ಮನೆ ಎದ್ದು ಬರುತ್ತೇನೆ. ಮುಖವೇ ಅಡ್ಡಿ ಎನ್ನುವುದಾದರೆ ಆ ಮಾತನ್ನು ಪ್ರಕಟಣೆಯಲ್ಲಿಯೇ ಅಚ್ಚು ಹಾಕಿಸಿ: ಹಚ್ಚೆಯನ್ನು ಸಂಜೆಗೆ ತೊಳೆದುಕೊಳ್ಳಬಲ್ಲವರು ಮಾತ್ರ ಅರ್ಜಿ ಹಾಕತಕ್ಕದ್ದು. ನಮ್ಮ ಕಡೆಯ ತಾಯಂದಿರು ಮಗಳ ತಲೆ ಹಿಡಿದು ಕೂಡಿಸುವ ಮೊದಲು ಅದನ್ನು ಓದಲಿ. ಓದು ಬಾರದವರಿಗೆ ನಾನೇ ಓದಿ ಹೇಳುತ್ತೇನೆ.

ಸಂದರ್ಶನಕ್ಕೆ ಖಂಡಿತ ಬರುತ್ತೇನೆ. ಇದೇ ಮುಖ ತೆಗೆದುಕೊಂಡು ಬರುತ್ತೇನೆ, ನನ್ನ ಹತ್ತಿರ ಇನ್ನೊಂದಿಲ್ಲ.

ಇಂತಿ,
ಊರವರು ಈಗ ನನ್ನನ್ನು ಕರೆಯುವ ಹಾಗೆ,
ಟೀಚರಬಾಯಿಯ ಅಕ್ಕ,
ದುಬಲಗುಂಡಿ